ಕೆರೆಯ ದಡದ ಫಲಕ

ಮೂಲಗ್ರಂಥವು ಎದುರಿಗಿದ್ದರೂ ಅರ್ಥವಾಗದೆ ಹೋಗುವುದುಂಟು. ಅಕ್ಷರ ಬಲ್ಲವನು ಅದನ್ನು ಓದಿಯಾನು. ಆದರೆ ಪದಚ್ಛೇದ ತಿಳಿಯದೆ, ಅನ್ವಯ ತಿಳಿಯದೆ, ಓದಿದ್ದು ಏನೆಂಬುದು ಮಾತ್ರ ಅವನಿಗೆ ದಕ್ಕುವುದಿಲ್ಲ. ಆದಕಾರಣವೇ ನಮ್ಮ ಹಿರಿಯರು ಸೂತ್ರಕ್ಕೆ ವೃತ್ತಿಯನ್ನೂ ಕಾವ್ಯಕ್ಕೆ ಟೀಕೆಯನ್ನೂ ಬರೆದಿಟ್ಟರು. ಊರ ಹೊರಗಿನ ಕೆರೆ, ತೋಪು, ಬಂಡೆ, ಕಾಡು ಇವೂ ಒಂದು ಬಗೆಯ ಮೂಲಗ್ರಂಥಗಳೇ ಸರಿ. ಇವು ಎಲ್ಲರ ಕಣ್ಣಿಗೂ ಕಾಣುತ್ತವೆ; ಅರ್ಥವಾಗುವುದು ಕೆಲವರಿಗೆ ಮಾತ್ರ. ಇವಕ್ಕೂ ಟೀಕೆ ಬೇಕು. ಉದ್ಯಾನಗಳಲ್ಲಿ ನಿಲ್ಲಿಸುವ ವಿವರಣೆಯ ಫಲಕವೇ ಆ ಟೀಕೆ. ಅದನ್ನು ಹೇಗೆ ಬರೆಯಬೇಕು, ಎಲ್ಲಿ ನಿಲ್ಲಿಸಬೇಕು, ಅದರಿಂದ ಏನು ಪ್ರಯೋಜನ ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇವೆ. ಫಲಕದ ವಿಷಯದಲ್ಲಿ ಇಷ್ಟೊಂದು ವಿಚಾರವೇಕೆ ಎಂದು ಕೇಳುವವರು ಇದ್ದಾರು. ಮುಂದೆ ಹೇಳುವ ಸಂಗತಿಗಳನ್ನು ನೋಡಿದರೆ ಇದು ಮನೆಮಠಗಳ ಕ್ಷೇಮಕ್ಕೆ ಸಂಬಂಧಪಟ್ಟ ವಿಷಯವೆಂದು ಅವರೂ ಒಪ್ಪುವರೆಂದು ನಂಬಿದ್ದೇವೆ.

ಬೆಂಗಳೂರಿನ ಪೂರ್ವಕ್ಕೂ ಆಗ್ನೇಯಕ್ಕೂ ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರದ ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಎಂಬ ಪ್ರದೇಶಗಳಿವೆ. ಇಂದು ಅಲ್ಲಿ ಸಾಫ್ಟ್‌ವೇರ್ ಕಚೇರಿಗಳೂ ಬಹುಮಹಡಿಯ ವಸತಿಗಳೂ ದಟ್ಟವಾಗಿ ಎದ್ದಿವೆ. ಈ ಕಟ್ಟಡಗಳ ನಡುನಡುವೆ ಹಳೆಯ ಕೆರೆಗಳು ಉಳಿದುಕೊಂಡಿವೆ. ಕೆಲವಕ್ಕೆ ಬೇಲಿ ಕಟ್ಟಿ, ಸುತ್ತಲೂ ನಡೆಯುವ ಹಾದಿ ಮಾಡಿ, ಕಲ್ಲುಬೆಂಚು ಹಾಕಿ ವಿಹಾರಸ್ಥಾನಗಳನ್ನಾಗಿ ಮಾಡಿದ್ದಾರೆ. ಬೆಳಿಗ್ಗೆಯೂ ಸಂಜೆಯೂ ಅಲ್ಲಿ ಜನ ಸೇರುತ್ತಾರೆ. ಇಂಥ ಸ್ಥಳಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಫಲಕಗಳು ಕಾಣಸಿಗುತ್ತವೆ. ಮೊದಲನೆಯದು ಉದ್ಘಾಟನೆ ಮಾಡಿದವರ ಹೆಸರುಗಳದು. ಎರಡನೆಯದು ನಿಷೇಧಗಳದು: ಈಜಬಾರದು, ಬಟ್ಟೆ ಒಗೆಯಬಾರದು, ಹೂ ಕೀಳಬಾರದು, ನಾಯಿ ತರಬಾರದು. ಮೂರನೆಯದು ಗಿಡಕ್ಕೋ ಹಕ್ಕಿಗೋ ಕಟ್ಟಿದ ನಾಮಪಟ್ಟಿ. ಅದರಲ್ಲಿ ಒಂದು ಇಂಗ್ಲಿಷ್ ಹೆಸರು, ಒಂದು ಲ್ಯಾಟಿನ್ ಹೆಸರು. ಈ ಮೂರನ್ನೂ ಓದಿ ಮುಗಿಸಿದವನು ಬರುವಾಗ ಎಷ್ಟು ತಿಳಿದಿದ್ದನೋ ಹೋಗುವಾಗಲೂ ಅಷ್ಟೇ ತಿಳಿದಿರುತ್ತಾನೆ. ಮನೆಗೆ ಬಂದ ಅತಿಥಿಗೆ ಕುಳಿತುಕೊಳ್ಳಿರೆಂದು ಹೇಳುವ ಮೊದಲೇ ಮನೆ ಕಟ್ಟಿಸಿದವರ ಪಟ್ಟಿಯನ್ನೂ ಮಾಡಬಾರದ ಕೆಲಸಗಳ ಪಟ್ಟಿಯನ್ನೂ ಓದಿ ಹೇಳುವ ಗೃಹಸ್ಥನನ್ನು ನಾವು ಏನೆಂದು ಕರೆಯುತ್ತೇವೆ?

ಪ್ರತಿದಿನ ಕೆರೆಯನ್ನು ಸುತ್ತುವ ಹತ್ತು ಮಂದಿಯನ್ನು ನಿಲ್ಲಿಸಿ, ಇದರ ಏರಿ ಯಾವುದು, ತೂಬು ಎಲ್ಲಿ, ಕೋಡಿ ಎಲ್ಲಿ, ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ಕೇಳಿದರೆ ಎಷ್ಟು ಮಂದಿ ಉತ್ತರ ಹೇಳಿಯಾರು? ಅವರನ್ನು ಹಳಿಯುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅನೇಕರು ದೂರದ ಸೀಮೆಗಳಿಂದ ಉದ್ಯೋಗಕ್ಕಾಗಿ ಬಂದವರು. ಅವರಿಗೆ ಕೆರೆಯೆಂದರೆ ನೀರು ನಿಂತ ಒಂದು ಚೆಲುವಾದ ತಗ್ಗು. ಆ ಊರಿನವರೇ ಆದವರ ಮಕ್ಕಳಿಗೂ ಈಗ ಇದು ತಿಳಿಯದು. ಏಕೆಂದರೆ ಅಚ್ಚುಕಟ್ಟಿನ ಗದ್ದೆ ಹೋದ ಮೇಲೆ ತೂಬು ಎತ್ತುವ ಕೆಲಸವೂ ಹೋಯಿತು, ಸರದಿಯ ಪ್ರಕಾರ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸವೂ ಹೋಯಿತು. ಕೆಲಸ ಹೋದ ಮೇಲೆ ಆ ಕೆಲಸದ ಮಾತುಗಳೂ ಹೋಗುತ್ತವೆ.

ಮಾತು ಹೋದರೆ ನಷ್ಟವೇನು? ನಷ್ಟವು ಏನೆಂಬುದನ್ನು 2022ನೆಯ ವರ್ಷದ ಸೆಪ್ಟೆಂಬರ್ ತಿಂಗಳು ತೋರಿಸಿಕೊಟ್ಟಿತು. ಆ ತಿಂಗಳ ಮೊದಲ ವಾರದಲ್ಲಿ ಬಿದ್ದ ಭಾರಿ ಮಳೆಗೆ ಹೊರವರ್ತುಲ ರಸ್ತೆ, ಸರ್ಜಾಪುರದ ರಸ್ತೆ, ವೈಟ್‌ಫೀಲ್ಡ್ ಕಡೆಯ ಬಡಾವಣೆಗಳು ನೀರಿನಲ್ಲಿ ನಿಂತುವು. ಕಚೇರಿಗೆ ಹೋಗಬೇಕಾದವರು ಟ್ರಾಕ್ಟರುಗಳ ಮೇಲೆ ಹೋದರು. ಮುದುಕರನ್ನೂ ಮಕ್ಕಳನ್ನೂ ದೋಣಿಗಳಲ್ಲಿ ಹೊರಗೆ ತಂದರು. ಬಡವರ ಗುಡಿಸಲಿಗೂ ಧನಿಕರ ಬಂಗಲೆಗೂ ನೀರು ಒಂದೇ ಬಗೆಯಾಗಿ ನುಗ್ಗಿತು. ಮಳೆ ವಿಶೇಷವಾಗಿ ಬಂದುದು ನಿಜ. ಆದರೆ ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತೆಂಬುದೂ ಅಷ್ಟೇ ನಿಜ. ಆ ದಾರಿಯಲ್ಲಿ ಈಗ ಮನೆಗಳಿದ್ದುವು. ಮನೆ ಕೊಂಡವರಲ್ಲಿ ಬಹುಮಂದಿಗೆ ತಮ್ಮ ಮನೆಯ ಹಿಂದಿನ ಮೋರಿಯು ಒಂದು ಕಾಲದ ರಾಜಕಾಲುವೆಯೆಂದು, ಅದು ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯ ಅಂಗಳಕ್ಕೆ ಹೋಗುವ ದಾರಿಯೆಂದು ಯಾರೂ ಹೇಳಿರಲಿಲ್ಲ.

ಇದರ ವಿನ್ಯಾಸವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಬೆಂಗಳೂರಿಗೆ ಜೀವನದಿಯಿಲ್ಲ, ಊರು ಒಂದು ಎತ್ತರದ ದಿಣ್ಣೆಯ ಮೇಲಿದೆ. ಹಿಂದಿನವರು ಇಳಿಜಾರಿನ ಕಣಿವೆಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದರ ಕೆಳಗೊಂದು ಕೆರೆ ಮಾಡಿ, ಅವನ್ನು ಮಾಲೆಯಂತೆ ಪೋಣಿಸಿದರು. ಸರ್ಜಾಪುರದ ರಸ್ತೆಯ ಪಕ್ಕದಲ್ಲಿರುವ ಕೈಕೊಂಡ್ರಹಳ್ಳಿಯ ಕೆರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ವಿಸ್ತಾರ ಸುಮಾರು 48 ಎಕರೆ. ಮೇಲ್ಗಡೆಯ ಕಸವನಹಳ್ಳಿ, ಹರಳೂರು ಕೆರೆಗಳ ಕಡೆಯಿಂದ ಇದಕ್ಕೆ ನೀರು ಬರಬೇಕು; ಇದು ತುಂಬಿ ಕೋಡಿ ಬಿದ್ದರೆ ನೀರು ಸೌಳ್ ಕೆರೆಗೆ, ಅಲ್ಲಿಂದ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿನ ಹೊಲಗಳನ್ನು ಮುಟ್ಟುತ್ತದೆ. ಮಾಲೆಯ ಒಂದು ಮಣಿಗೆ ಕೊಳೆ ಹತ್ತಿದರೆ ಅದು ಮುಂದಿನ ಮಣಿಗೂ ಹತ್ತುತ್ತದೆ. ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದು, 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿಕೊಂಡಿತು; 2017ರ ಫೆಬ್ರವರಿಯಲ್ಲಿ ಮತ್ತೆ ಕೆರೆಯಲ್ಲಿ ಬೆಂಕಿಯೆದ್ದಿತು. ನೀರಿಗೆ ಬೆಂಕಿ ಬಿದ್ದಿತೆಂಬ ವಾರ್ತೆಯನ್ನು ದೇಶವೆಲ್ಲ ಆಶ್ಚರ್ಯದಿಂದ ಓದಿತು. ಅದು ಮೇಲ್ಗಡೆಯ ಊರಿನ ಕೊಳಚೆ ಕೆಳಗೆ ಇಳಿದುಬಂದುದರ ಫಲವೆಂಬುದು ನೀರಿನ ದಾರಿ ಬಲ್ಲವರಿಗೆ ಮಾತ್ರ ಆಶ್ಚರ್ಯವಾಗಿರಲಿಲ್ಲ.

ಕೈಕೊಂಡ್ರಹಳ್ಳಿಯ ಕೆರೆಯೂ ಹಾಳಾಗಿದ್ದುದೇ. ಸುತ್ತಲಿನ ನಿವಾಸಿಗಳೂ ಹಳ್ಳಿಯವರೂ ಕೂಡಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಶ್ರಮಿಸಿ, 2009ರಿಂದ 2011ರ ವರೆಗಿನ ಅವಧಿಯಲ್ಲಿ ಅದಕ್ಕೆ ಜೀವ ಬರಿಸಿದರು. ಅದನ್ನು ನೋಡಿಕೊಳ್ಳುವುದಕ್ಕೆ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿಯೆಂಬ ಸಂಸ್ಥೆ ಹುಟ್ಟಿತು. ಕೆರೆಯ ಪಕ್ಕದಲ್ಲಿ ಸರ್ಕಾರಿ ಶಾಲೆಯೊಂದಿದೆ, ಕೆರೆಹಬ್ಬವನ್ನೂ ಆಚರಿಸಿದ್ದಾರೆ. ಇಂಥ ಸ್ಥಳದಲ್ಲಿ ಒಳ್ಳೆಯ ಫಲಕಗಳಿದ್ದರೆ ಎಷ್ಟು ಕೆಲಸವಾದೀತೆಂಬುದನ್ನು ಈಗ ಊಹಿಸಬಹುದು. ಗೊತ್ತಿಲ್ಲದ ವಸ್ತುವನ್ನು ಯಾರೂ ಕಾಯುವುದಿಲ್ಲ. ಕೋಡಿಯ ಕಾಲುವೆಯನ್ನು ರಾತ್ರೋರಾತ್ರಿ ಮಣ್ಣು ಹಾಕಿ ಮುಚ್ಚಿದರೆ, ಅದು ಕೋಡಿಯ ಕಾಲುವೆಯೆಂದು ಬಲ್ಲ ನೂರು ಮಂದಿ ದಿನವೂ ಅಲ್ಲಿ ನಡೆಯುತ್ತಿದ್ದರೆ ಮಾತ್ರ ಯಾರಾದರೂ ಕೇಳಿಯಾರು.

ಇದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ವೈಟ್‌ಫೀಲ್ಡಿಗೆ ಸೇರಿಕೊಂಡಂತಿರುವ ಪಟ್ಟಂದೂರು ಅಗ್ರಹಾರದಲ್ಲಿ ಚೋಳರ ಕಾಲದ, 11ನೆಯ ಶತಮಾನದ ತಮಿಳು ಶಾಸನವೊಂದುಂಟು. ಕೆರೆ ಕಟ್ಟಿಸಿ ತೂಬು ಇರಿಸಿದ ಸಂಗತಿಯನ್ನು ಅದು ಹೇಳುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 900ರ ವೀರಗಲ್ಲಿದೆ, ಬೆಂಗಳೂರೆಂಬ ಹೆಸರು ನಮಗೆ ಮೊದಲು ದೊರೆಯುವುದು ಅದರಲ್ಲಿ, ಅಲ್ಲಿ ನಡೆದ ಕಾಳಗದ ಪ್ರಸ್ತಾಪದಲ್ಲಿ. ಏನು ನಡೆಯಿತು, ಯಾರು ಮಾಡಿದರು, ಕೆಡಿಸಿದವನಿಗೆ ಯಾವ ಪಾಪ ಎಂಬುದನ್ನು ಸಂಬಂಧಪಟ್ಟ ಸ್ಥಳದಲ್ಲಿಯೇ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸುವುದು ನಮ್ಮ ಹಿರಿಯರ ಪದ್ಧತಿ. ಇವೆಲ್ಲಕ್ಕಿಂತ ವಿಸ್ಮಯಕರವಾದುದು ಕಡಪ ಜಿಲ್ಲೆಯ ಪೊರುಮಾಮಿಳ್ಳದ ಕೆರೆಯ ಶಾಸನ. ಕ್ರಿ.ಶ. 1369ರಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆ ಅದು. ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಲೆಕ್ಕ ಹಾಕಿ ಹೇಳಿದೆ. ಏರಿಯಲ್ಲಿ ನೀರು ಒಸರುವುದು, ಚೌಳು ನೆಲ, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ಗದ್ದೆ ಹೆಚ್ಚಿರುವುದು, ನೀರು ಹೆಚ್ಚಾಗಿ ಗದ್ದೆ ಕಡಮೆಯಿರುವುದು ಎಂಬಿವು ಆ ದೋಷಗಳು. ಸಾವಿರ ಮಂದಿ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದುದನ್ನೂ ಅದರಲ್ಲಿ ಬರೆದಿದೆ. ಕೆರೆಯ ಮುಂದೆ ನಿಂತವನಿಗೆ ಕೆರೆಯ ಶಾಸ್ತ್ರವನ್ನೇ ಉಪದೇಶಿಸುವ ಫಲಕವಿದು.

ಆದರೆ ಸಂಸ್ಕೃತವನ್ನು ಓದಿದವರಾದ ನಾವೇ ಇಲ್ಲಿ ಒಂದು ಮಾತನ್ನು ಹೇಳಬೇಕು. ಆ ಉಪದೇಶದ ಬಹುಭಾಗವಿರುವುದು ಸಂಸ್ಕೃತ ಶ್ಲೋಕಗಳಲ್ಲಿ. ಮಣ್ಣು ಹೊತ್ತ ಆ ಸಾವಿರ ಮಂದಿಯಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಹಳೆಯ ದಾನಶಾಸನಗಳನ್ನು ಬರೆದವರು ಈ ವಿಷಯವನ್ನು ಚೆನ್ನಾಗಿ ಅರಿತಿದ್ದರು. ರಾಜನ ಪ್ರಶಸ್ತಿಯನ್ನು ಸಂಸ್ಕೃತದಲ್ಲಿ ಬರೆದು, ಭೂಮಿಯ ಎಲ್ಲೆಕಟ್ಟು ಬಂದಾಗ ದೇಶಭಾಷೆಗೆ ಇಳಿಯುತ್ತಿದ್ದುದುಂಟು. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಹುಣಿಸೆಮರ ಎಂಬುದು ಒಕ್ಕಲಿಗನಿಗೆ ತಿಳಿಯಲೇಬೇಕಾದ ವಿಷಯ. ಅದರಲ್ಲಿ ಪಾಂಡಿತ್ಯ ತೋರಿಸಿದರೆ ನಾಳೆ ವ್ಯಾಜ್ಯವಾದೀತು. ಇಂದಿನ ಫಲಕಗಳಲ್ಲಿ ಲ್ಯಾಟಿನ್ ಹೆಸರಿಗೆ ಸಂಸ್ಕೃತದ ಸ್ಥಾನ ದೊರೆತಿದೆ. ಅದು ಇರಲಿ, ಆದರೆ ತಿಳಿಯಲೇಬೇಕಾದ ವಿಷಯ ತಿಳಿಯುವ ಮಾತಿನಲ್ಲಿರಲಿ.

ಪಶ್ಚಿಮ ದೇಶಗಳಲ್ಲಿ ಈ ವಿದ್ಯೆಯನ್ನು ಕ್ರಮವಾಗಿ ವಿಚಾರ ಮಾಡಿದವರಲ್ಲಿ ಫ್ರೀಮನ್ ಟಿಲ್ಡನ್ ಎಂಬ ಅಮೆರಿಕದ ಲೇಖಕನು ಮುಖ್ಯನು. ಆ ದೇಶದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ ನೋಡಿ 1957ರಲ್ಲಿ ಆತನು ಪ್ರಕಟಿಸಿದ ಗ್ರಂಥವನ್ನು ಈ ಕೆಲಸದವರು ಇಂದಿಗೂ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಆತನು ಹೇಳಿದ ಆರು ತತ್ತ್ವಗಳ ಸಾರಾಂಶ ಇಷ್ಟು: ಬಂದವನ ಸ್ವಂತ ಅನುಭವಕ್ಕೆ ಸಂಬಂಧಿಸದ ವಿವರಣೆ ನಿಷ್ಫಲ, ಬರಿಯ ಮಾಹಿತಿಯು ವಿವರಣೆಯಲ್ಲ, ಪಾಠ ಒಪ್ಪಿಸುವುದಕ್ಕಿಂತ ಕುತೂಹಲ ಕೆರಳಿಸುವುದು ಹೆಚ್ಚಿನದು, ಮಕ್ಕಳಿಗಾಗಿ ಬರೆಯುವುದೆಂದರೆ ದೊಡ್ಡವರಿಗೆ ಬರೆದುದನ್ನು ನೀರು ಮಾಡುವುದಲ್ಲ, ಬೇರೆಯಾಗಿಯೇ ಯೋಚಿಸುವುದು. ನಮ್ಮ ಮಲ್ಲಿನಾಥನು ಕಾಳಿದಾಸನಿಗೆ ಟೀಕೆ ಬರೆಯುವಾಗ ತನಗೆ ತಾನೇ ಎರಡು ಕಟ್ಟುಪಾಡುಗಳನ್ನು ಹಾಕಿಕೊಂಡನು: ಆಧಾರವಿಲ್ಲದುದನ್ನು ಸೇರಿಸಬಾರದು, ಬೇಡದುದನ್ನು ಹೇಳಬಾರದು. ಟಿಲ್ಡನ್ನನ ಆರನ್ನೂ ಮಲ್ಲಿನಾಥನ ಎರಡನ್ನೂ ಕೂಡಿಸಿಕೊಂಡರೆ ಫಲಕ ಬರೆಯುವವನಿಗೆ ಸಾಕಷ್ಟು ಬುತ್ತಿಯಾಯಿತು.

ಇನ್ನು ಕಾರ್ಯಕ್ರಮಕ್ಕೆ ಬರೋಣ. ಮೊದಲು ಮಾಡತಕ್ಕ ಕೆಲಸ ಬರೆಯುವುದಲ್ಲ, ನೋಡುವುದು. ಕೆರೆಗೆ ಯಾರು ಬರುತ್ತಾರೆ? ಮುಂಜಾನೆ ನಡೆಯುವವರು ನಿತ್ಯವೂ ಬರುವವರು. ಅವರು ನಿಲ್ಲುವುದಿಲ್ಲ, ಒಂದೇ ಬರಹವನ್ನು ಎರಡನೆಯ ಸಲ ಓದುವುದೂ ಇಲ್ಲ. ಭಾನುವಾರದ ಸಂಜೆ ಕೂಲಿಯ ಸಂಸಾರಗಳು ಬರುತ್ತವೆ. ಅವರಲ್ಲಿ ಕೆಲವರಿಗೆ ಓದು ಬರಲಿಕ್ಕಿಲ್ಲ, ಚಿತ್ರ ಬೇಕು. ಶಾಲೆಯ ಮಕ್ಕಳು ಗುಂಪಾಗಿ ಬರುತ್ತಾರೆ. ಅವರಿಗೆ ಮುಟ್ಟಿ ನೋಡುವ ವಸ್ತು ಬೇಕು. ಮುದುಕರು ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ನೀರನ್ನು ನೋಡುತ್ತಾರೆ. ಉದ್ದವಾದ ಕಥೆಯೇನಾದರೂ ಇದ್ದರೆ ಆ ಬೆಂಚಿನ ಮುಂದೆ ಇರತಕ್ಕದ್ದು. ಜನರು ತಾವಾಗಿ ಎಲ್ಲಿ ನಿಲ್ಲುತ್ತಾರೋ, ಎಲ್ಲಿ ಬೆರಳು ಮಾಡಿ ತೋರಿಸುತ್ತಾರೋ ಅದನ್ನು ಒಂದು ವಾರ ಕುಳಿತು ಗುರುತು ಹಾಕಿಕೊಂಡರೆ, ಫಲಕಗಳ ಸ್ಥಾನ ತಾನಾಗಿ ಗೊತ್ತಾಗುತ್ತದೆ.

ಎರಡನೆಯದು, ಹೇಳಬೇಕಾದ ವಿಷಯವನ್ನು ಒಂದೇ ವಾಕ್ಯದಲ್ಲಿ ನಿರ್ಣಯಿಸುವುದು. ಕೆರೆಯನ್ನು ಕುರಿತು ನೂರು ಸಂಗತಿಗಳಿರಬಹುದು. ಆದರೆ ಇಡೀ ಸ್ಥಳಕ್ಕೆಲ್ಲ ಪ್ರಧಾನವಾದ ಒಂದು ಮಾತು ಬೇಕು. ಕೈಕೊಂಡ್ರಹಳ್ಳಿಯಂಥ ಕೆರೆಗೆ ಆ ಮಾತು, ಈ ನೀರು ಒಂಟಿಯಲ್ಲ, ಮೇಲಿಂದ ಬಂದು ಕೆಳಗೆ ಹೋಗುವಂಥಾದ್ದು ಎಂಬುದೇ ಆಗಬೇಕೆಂದು ನಮ್ಮ ಅಭಿಪ್ರಾಯ. ಹಕ್ಕಿಯ ಫಲಕವಾಗಲಿ, ಗಿಡದ ಫಲಕವಾಗಲಿ, ಹೇಗಾದರೂ ಆ ಮಾತಿಗೆ ಬಂದು ಸೇರಬೇಕು.

ಮೂರನೆಯದು ಸ್ಥಾನ. ಟೀಕೆಯು ಮೂಲದ ಕೆಳಗೇ ಇರತಕ್ಕದ್ದು. ತೂಬಿನ ವಿಷಯ ತೂಬಿನ ಬಳಿ, ಕೋಡಿಯ ವಿಷಯ ಕೋಡಿಯ ಬಳಿ ಇರಬೇಕೇ ಹೊರತು, ಎಲ್ಲವನ್ನೂ ಬಾಗಿಲಲ್ಲಿ ಒಂದು ದೊಡ್ಡ ಹಲಗೆಗೆ ತುಂಬಿದರೆ ಯಾರೂ ಓದರು. ಕೋಡಿಯ ಬಳಿಯ ಫಲಕ ಹೀಗಿರಬಹುದು: “ಇದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಈ ಕಲ್ಲಿನ ಮೇಲಿಂದ ಇಳಿದು ಸೌಳ್ ಕೆರೆಗೂ ಅಲ್ಲಿಂದ ಬೆಳ್ಳಂದೂರಿಗೂ ಹೋಗುತ್ತದೆ. ಎದುರಿಗಿರುವ ಕಾಲುವೆಯನ್ನು ನೋಡಿರಿ. ಇದು ಮುಚ್ಚಿಹೋದರೆ ಈ ನೀರು ಯಾರ ಮನೆಗೆ ಹೋದೀತು?” ಇಷ್ಟೇ ಸಾಕು. ಓದುವವನು ತಲೆಯೆತ್ತಿ ಕಾಲುವೆಯನ್ನು ನೋಡುತ್ತಾನೆ. ಉಳಿದುದನ್ನು ಕಾಲುವೆಯೇ ಹೇಳುತ್ತದೆ.

ನಾಲ್ಕನೆಯದು ಭಾಷೆ. ಕನ್ನಡ ಮೊದಲು ಬರಬೇಕು. ಆ ಪ್ರದೇಶದಲ್ಲಿ ನಾನಾ ಭಾಷೆಯವರು ಇರುವುದರಿಂದ ಇಂಗ್ಲಿಷೂ ಇರಲಿ. ಆದರೆ ಇಂಗ್ಲಿಷಿನ ಬರಹದಲ್ಲಿಯೂ ತೂಬು, ಕೋಡಿ, ಏರಿ, ರಾಜಕಾಲುವೆ ಎಂಬ ಮಾತುಗಳನ್ನು ಹಾಗೆಯೇ ಉಳಿಸಬೇಕು. ಹೊಸದಾಗಿ ಬಂದವರು ಈ ನಾಲ್ಕು ಮಾತುಗಳನ್ನು ಕಲಿತರೆ ಊರಿನ ನೆಲವನ್ನೇ ಅಷ್ಟರಮಟ್ಟಿಗೆ ಕಲಿತಂತೆ. ಹಕ್ಕಿಗಳ ವಿಷಯದಲ್ಲಿಯೂ ಹಾಗೆಯೇ. ಮೈಕ್ರೊಕಾರ್ಬೊ ನೈಜರ್ ಎಂದು ಬರೆದರೆ ಯಾರಿಗೂ ಏನೂ ತೋರುವುದಿಲ್ಲ. “ಈ ಕರಿಯ ಹಕ್ಕಿ ರೆಕ್ಕೆ ಚಾಚಿಕೊಂಡು ಕುಳಿತಿರುವುದೇಕೆ?” ಎಂದು ಕೇಳಿ, “ನೀರುಕಾಗೆಯ ರೆಕ್ಕೆ ಬಾತುಕೋಳಿಯ ರೆಕ್ಕೆಯಂತೆ ನೀರನ್ನು ತಡೆಯದು. ಒದ್ದೆಯಾಗುವುದರಿಂದಲೇ ಅದು ಸುಲಭವಾಗಿ ಮುಳುಗಿ ಮೀನು ಹಿಡಿಯುತ್ತದೆ. ಹಿಡಿದ ಮೇಲೆ ಬಿಸಿಲಿಗೆ ಒಣಗಿಸಿಕೊಳ್ಳುತ್ತದೆ” ಎಂದರೆ, ಬಟ್ಟೆ ಒಣಹಾಕಿ ಬಂದ ತಾಯಿಯೂ ನಗುತ್ತಾಳೆ, ಮಗುವೂ ನೆನಪಿಡುತ್ತದೆ.

ಐದನೆಯದು ರೂಪ. ಹತ್ತು ಅಡಿ ದೂರದಿಂದ ಓದಬೇಕಾದ ಅಕ್ಷರವು ಒಂದಂಗುಲ ಎತ್ತರವಿದ್ದರೆ ಸುಖವಾಗಿ ಕಾಣುತ್ತದೆಂದು ಫಲಕ ಬರೆಯುವವರ ಲೆಕ್ಕ. ಆ ಲೆಕ್ಕ ಇಂಗ್ಲಿಷಿನದು. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇನ್ನಷ್ಟು ಜಾಗ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಕೊಂಬಿಗೆ ತಗಲಿ ಮಕ್ಕಳು ತಡವರಿಸುತ್ತಾರೆ. ತಲೆಯ ಮಟ್ಟಕ್ಕೆ ನೇರವಾಗಿ ನಿಲ್ಲಿಸಿದ ಹಲಗೆ ನೋಟವನ್ನೇ ಮರೆಮಾಡುತ್ತದೆ. ನೆಲದಿಂದ ಸುಮಾರು ಎರಡೂವರೆ ಅಡಿಯ ಮೇಲೆ, ವ್ಯಾಸಪೀಠದಂತೆ ಓರೆಯಾಗಿ ಇಟ್ಟರೆ ಮಗುವೂ ಗಾಲಿಕುರ್ಚಿಯಲ್ಲಿರುವವರೂ ಓದಬಹುದು, ಹಿಂದಿನ ಕೆರೆಯೂ ಕಾಣುತ್ತದೆ. ಒಂದು ಫಲಕಕ್ಕೆ ಐವತ್ತು ಅರವತ್ತು ಪದಗಳಿಗಿಂತ ಹೆಚ್ಚು ಬೇಡ. ಕೆಂಪು ಬಣ್ಣವು ಬಿಸಿಲಿಗೆ ಬೇಗ ಮಾಸುತ್ತದೆ; ಮುಖ್ಯವಾದ ಮಾತನ್ನು ಅದರಲ್ಲಿ ಬರೆಯಬಾರದು. ಕೆರೆಯ ಮಾಲೆಯನ್ನು ಕಲ್ಲಿನಲ್ಲಿ ಉಬ್ಬುಚಿತ್ರವಾಗಿ ಕೆತ್ತಿ, ಮೇಲಿನ ಕೆರೆಯಲ್ಲಿ ಒಂದು ಚೊಂಬು ನೀರು ಹೊಯ್ದರೆ ಅದು ಹರಿದು ಕೆಳಗಿನ ಕೆರೆಗೆ ಹೋಗುವಂತೆ ಮಾಡಿದರೆ, ಕಣ್ಣಿಲ್ಲದವರೂ ಬೆರಳಿನಿಂದ ಅರಿತಾರು. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾದೀತು. ಈಚೆಗೆ ಕ್ಯೂಆರ್ ಕೋಡಿನ ಚೌಕವನ್ನು ಮಾತ್ರ ಅಂಟಿಸಿ ಕೈತೊಳೆದುಕೊಳ್ಳುವ ವಾಡಿಕೆಯಿದೆ. ಅದು ಹೆಚ್ಚಿನ ವಿವರಕ್ಕೆ ಇರಲಿ. ಮೊಬೈಲು ತೆಗೆಯದವನಿಗೆ ಕಲ್ಲಾದರೂ ಮಾತನಾಡಲಿ.

ಆರನೆಯದು ಪರೀಕ್ಷೆ. ಲೋಹದಲ್ಲಿಯೋ ಕಲ್ಲಿನಲ್ಲಿಯೋ ಬರೆಯಿಸುವ ಮೊದಲು ಕಾಗದದ ಮೇಲೆ ಬರೆದು ಅದೇ ಸ್ಥಳದಲ್ಲಿ ಕಟ್ಟಬೇಕು. ಶಾಲೆಯ ಐದಾರು ಮಕ್ಕಳನ್ನು ಕರೆದು ಓದಿಸಿ, ಏನು ತಿಳಿಯಿತೆಂದು ಕೇಳಬೇಕು. ಮಗು ಬರಹವನ್ನು ಒಪ್ಪಿಸಿದರೆ ಫಲಕ ಸೋತಂತೆ; ಮಗು ಹೊಸ ಪ್ರಶ್ನೆ ಕೇಳಿದರೆ ಗೆದ್ದಂತೆ.

ಬನ್ನೇರುಘಟ್ಟದ ಉದಾಹರಣೆಯನ್ನೂ ಇಲ್ಲಿ ಸ್ಮರಿಸಬಹುದು. ಎಲೆಕ್ಟ್ರಾನಿಕ್ ಸಿಟಿಯಿಂದ ದೂರವಲ್ಲದ ಆ ಕಾಡು 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಮೃಗಾಲಯವೂ, 2006ರಲ್ಲಿ ಪ್ರಾರಂಭವಾದ ಚಿಟ್ಟೆಗಳ ಉದ್ಯಾನವೂ ಇವೆ. ಮೃಗಾಲಯಗಳಲ್ಲಿ ಪ್ರತಿಯೊಂದು ಆವರಣದ ಮುಂದೆಯೂ ಪ್ರಾಣಿಯನ್ನು ಕುರಿತ ಶಾಸ್ತ್ರೀಯ ವಿವರಗಳ ಫಲಕವಿರಬೇಕೆಂದು 2009ರ ಕೇಂದ್ರ ನಿಯಮಗಳೇ ವಿಧಿಸುತ್ತವೆ. ನಿಯಮವು ಫಲಕವಿರಬೇಕೆಂದು ಹೇಳಬಲ್ಲುದೇ ಹೊರತು ಅದನ್ನು ಓದಿಸಲಾರದು. ಚಿಟ್ಟೆಯ ವಿಷಯವನ್ನೇ ನೋಡಿ: ಅದರ ಕುಲಗೋತ್ರಗಳನ್ನು ಹೇಳುವುದಕ್ಕಿಂತ, ಮನೆಯ ಹಿತ್ತಲಿನ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಕುಳಿತಿರುತ್ತದಲ್ಲ, ನಾಳೆ ಹಾರುವ ಆ ದೊಡ್ಡ ಕರಿಯ ಚಿಟ್ಟೆ ಅದೇ ಎಂದು ಹೇಳಿದರೆ, ಎಲೆ ಕೆಡಿಸಿತೆಂದು ಹುಳುವನ್ನು ಹೊಸಕುತ್ತಿದ್ದ ಗೃಹಿಣಿಯ ಕೈ ಒಂದು ಕ್ಷಣ ತಡೆಯುತ್ತದೆ. ಬಂದವರ ಸ್ವಂತ ಅನುಭವಕ್ಕೆ ಸಂಬಂಧ ಕಲ್ಪಿಸುವುದೆಂದರೆ ಇದು.

ಇನ್ನೆರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಫಲಕವು ಸತ್ಯವನ್ನು ಹೇಳಬೇಕು. ಕೆರೆಗೆ ಕೊಳಚೆ ಸೇರುತ್ತಿರುವಾಗ ಅದರ ದಡದಲ್ಲಿ ಹೆಜ್ಜಾರ್ಲೆಯ ಸುಂದರವಾದ ಚಿತ್ರವನ್ನು ಮಾತ್ರ ಬರೆದು ನಿಲ್ಲಿಸುವುದು ಟೀಕೆಯಲ್ಲ, ಮುಸುಕು. ಕೊಳಚೆ ಎಲ್ಲಿಂದ ಬರುತ್ತಿದೆಯೆಂಬುದನ್ನೂ ಫಲಕ ಹೇಳಬೇಕು; ಹೇಳಲು ಮನಸ್ಸು ಬಾರದಿದ್ದರೆ ಬರೆಯದೆ ಇರುವುದು ಮೇಲು. ಬೇಲಿ ಹಾಕುವುದಕ್ಕೆ ಮುಂಚೆ ಆ ದಡದಲ್ಲಿ ದನದ ಮೈ ತೊಳೆದವರು, ಬಟ್ಟೆ ಒಗೆದವರು, ಬಲೆ ಬೀಸಿದವರು, ಹುಲ್ಲು ಕೊಯ್ದವರು ಇದ್ದರು. ಇಂದಿನ ನಿಷೇಧದ ಹಲಗೆಯಲ್ಲಿ ಅವರ ನಿನ್ನೆಯ ಜೀವನವೇ ಅಪರಾಧಗಳ ಪಟ್ಟಿಯಾಗಿ ಕಾಣುತ್ತದೆ. ವಿವರಣೆಯ ಫಲಕದಲ್ಲಿಯಾದರೂ ಅವರು ಗೌರವವಾಗಿ ಕಾಣಿಸಿಕೊಳ್ಳಲಿ.

ಮತ್ತೊಂದು, ಫಲಕದಲ್ಲಿ ಕಚೇರಿಯ ಹೆಸರಿಗೆ ಸಣ್ಣ ಸ್ಥಳ ಸಾಕು. ಬೆಂಗಳೂರಿನ ಪಾಲಿಕೆ 2007ರಲ್ಲಿ ಬೃಹತ್ ಪಾಲಿಕೆಯಾಯಿತು. 2025ರಲ್ಲಿ ಅದೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ನಗರ ಪಾಲಿಕೆಗಳೂ ಬಂದುವು. ಹೆಸರು ದಪ್ಪಕ್ಷರದಲ್ಲಿದ್ದ ಹಲಗೆಗಳೆಲ್ಲ ಹಳತಾದುವು. ನೀರಿನ ಇಳಿಜಾರು ಮಾತ್ರ ಬದಲಾಗಲಿಲ್ಲ. ಆದರೂ ಫಲಕವನ್ನು ಒರೆಸುವವರು, ಮುರಿದರೆ ಸರಿಮಾಡುವವರು ಯಾರೆಂಬುದು ನಿಲ್ಲಿಸುವ ದಿನವೇ ಗೊತ್ತಾಗಿರಬೇಕು. ಹಕ್ಕಿಯ ಮುಖಕ್ಕೆ ಸುಣ್ಣ ಬಳಿದ, ಅರ್ಧ ಅಕ್ಷರ ಉದುರಿದ ಹಲಗೆ, ಈ ಸ್ಥಳಕ್ಕೆ ದಿಕ್ಕಿಲ್ಲವೆಂದು ಬಂದವರಿಗೆಲ್ಲ ಸಾರುತ್ತದೆ.

ಎಷ್ಟು ಒಳ್ಳೆಯ ಫಲಕವಾದರೂ ತಿಳಿದ ಮನುಷ್ಯನೊಬ್ಬನಿಗೆ ಸಮವಲ್ಲ. ಟೀಕೆಯನ್ನು ತಾನೇ ಓದಿಕೊಳ್ಳುವುದಕ್ಕೂ ಗುರುಮುಖದಿಂದ ಕೇಳುವುದಕ್ಕೂ ಇರುವ ಅಂತರ ಇಲ್ಲಿಯೂ ಉಂಟು. ಈ ಊರುಗಳಲ್ಲಿ ತೂಬು ಎತ್ತಿದವರು, ಗದ್ದೆಗೆ ನೀರು ತಿರುಗಿಸಿದವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ವಯಸ್ಸಾಗಿದೆ. ಅವರನ್ನು ಏರಿಯ ಮೇಲೆ ಕರೆತಂದು, ಒಂದು ಕುರ್ಚಿ ಹಾಕಿ ಕೂರಿಸಿ, ಹೇಳಿದುದನ್ನೆಲ್ಲ ಬರೆದುಕೊಳ್ಳುವುದು ಫಲಕದ ಮೊದಲ ಖರ್ಚಾಗಬೇಕು. ಹಲಗೆಯನ್ನು ಮುಂದಿನ ವರ್ಷವೂ ಬರೆಯಿಸಬಹುದು. ಅವರ ಮಾತಿಗೆ ಅಷ್ಟು ಅವಕಾಶವಿಲ್ಲ.

ವಾಚಕರು ತಮ್ಮ ಪಾಲಿನ ಕೆಲಸವೇನೆಂದು ಕೇಳಬಹುದು. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಸಮೀಪದ ಕೆರೆಗೆ ಹೋಗಿರಿ. ಏರಿ ಯಾವುದು, ತೂಬು ಯಾವುದು, ಕೋಡಿ ಯಾವುದು ಎಂದು ಹುಡುಕಿರಿ. ತಿಳಿಯದಿದ್ದರೆ ಅಲ್ಲಿನ ಹಿರಿಯರೊಬ್ಬರನ್ನು ಕೇಳಿರಿ. ಮನೆಗೆ ಬಂದ ಮೇಲೆ ನಿಮ್ಮ ಮನೆಯ ಮಳೆನೀರು ಯಾವ ಕೆರೆಗೆ ಹೋಗುತ್ತದೆಂಬುದನ್ನು ಮಕ್ಕಳಿಂದ ಒಂದು ಕಾಗದದ ಮೇಲೆ ಬರೆಯಿಸಿರಿ. ಮನೆಯಿಂದ ಮೋರಿಗೆ, ಮೋರಿಯಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ ಗೆರೆ ಎಳೆಯಿಸಿರಿ. ಗೆರೆಯು ಎಲ್ಲಿಯಾದರೂ ನಿಂತುಹೋದರೆ, ಅಲ್ಲಿ ಏನು ಅಡ್ಡ ಬಂದಿದೆಯೆಂದು ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿ ಬರುವುದು ಒಳ್ಳೆಯದು.